ಎತ್ತಿದ ಕೈ

ಶೆರಾಲಿ ಮತ್ತೆ ಫೋನು ಕಿವಿಗಿಟ್ಟುಕೊಂಡು ಸಭಾಭವನದ ಹಿಂಬಾಗಿಲಿನಿಂದ ಹೊರಗೆ ಹೋದ. ಏನೋ ಮಸಲತ್ತು ನಡೆಯುತ್ತಿದೆ ಎಂದು ಮೀರಿಮ್‌ಗೆ ಖಾತ್ರಿಯಾಯಿತು. ಸಭೆಯ ಅಧ್ಯಕ್ಷನೇ ಘಳಿಗೆಗೊಮ್ಮೆ ಎದ್ದುಹೋಗಿ, ಪೆಪ್ಪರಮಿಂಟು ಚೀಪುತ್ತ ಬಂದು ಕೂರುತ್ತಾನೆಂದರೆ ರಾಜಧಾನಿ ಬಿಷ್ಕೆಕ್‌ನ ದೊಡ್ಡವರಿಂದ ಅಪ್ಪಣೆ ಬರುತ್ತಿದೆ ಎಂದೇ ಅರ್ಥ.

ಸರೋವರದ ದಂಡೆಯ ಆ ಪುಟ್ಟ ಊರಿನಲ್ಲಿ ಇ-ಸಿಗರೇಟು ಮಾರುವ ಅಂಗಡಿ ಇದ್ದದ್ದು ಅವಳದೊಂದೇ. ಇವತ್ತು ಸಭೆಯ ಮತಕ್ಕೆ ಬಂದಿದ್ದ ಹೊಸ ಕಟ್ಟಳೆಯಲ್ಲಿ ನಿಷೇಧ ಎಂಬ ಮಾತೇ ಇರಲಿಲ್ಲ. ಅಂಗಡಿ ಶಾಲೆಯಿಂದ ಇಷ್ಟು ದೂರ ಇರಬೇಕು, ಆಸ್ಪತ್ರೆಯಿಂದ ಇಷ್ಟು, ಮಸೀದಿಯಿಂದ ಇಷ್ಟು, ಬಸ್ ನಿಲ್ದಾಣದಿಂದ ಇಷ್ಟು ಎಂದು ಬರೆದಿತ್ತು, ಅಷ್ಟೆ. ಎಲ್ಲ ಬಿಟ್ಟು ಅಳೆದರೆ ಅಂಗಡಿ ಇಡಲು ಉಳಿಯುತ್ತಿದ್ದುದು ಸರೋವರದ ನಡುನೀರು. ಚಿಕ್ಕವರಿಗೆ ಮಾರುವುದಿಲ್ಲ, ತಪಾಸಣೆಗೆ ಯಾವಾಗ ಬೇಕಾದರೂ ಬನ್ನಿ, ಮುಚ್ಚಿಸಬೇಡಿ ಎಂದು ಮೀರಿಮ್ ಮನೆಮನೆ ತಿರುಗಿ ಸಹಿ ಹಾಕಿಸಿದ್ದಳು. ಸಹಿ ಹಾಕಿದವರು ಬಹಳ. ಸಭೆಗೆ ಬಂದು ಅವಳ ಪಕ್ಕ ಕೂರುವ ಧೈರ್ಯ ಮಾಡಿದವರು ಒಬ್ಬ ಟ್ಯಾಕ್ಸಿಯವ, ಒಬ್ಬ ಸಂಗೀತದ ಮೇಷ್ಟ್ರು, ಮತ್ತೆ ಅವಳ ಅಪ್ಪ ಇಶೆನ್.

ಅಂಗಡಿಗಿಂತ ಅವಳಿಗೆ ಅಪ್ಪನದೇ ಚಿಂತೆ. ಲಾರಿ ಓಡಿಸುತ್ತಿದ್ದಷ್ಟು ಕಾಲ ಸಿಗರೇಟಿನ ಮೇಲೆ ಸಿಗರೇಟು ಹಚ್ಚಿ ಕೆಮ್ಮಿ ಕೆಮ್ಮಿ ಸುಸ್ತಾಗುತ್ತಿದ್ದವನು, ಇ-ಸಿಗರೇಟಿನ ಹಬೆ ಎಳೆಯತೊಡಗಿದ ಮೇಲೆ ಅದನ್ನು ಬಿಟ್ಟಿದ್ದ. ಇವತ್ತು ಬೆಳಿಗ್ಗೆ ಸಿಗರೇಟಿನ ಪ್ಯಾಕೊಂದನ್ನು ಕೊಂಡು, ಒಡೆಯದೆ, ಕೋಟಿನ ಜೇಬಿಗಿಳಿಸಿಕೊಂಡು ಬಂದಿದ್ದ.

"ಅದ್ಯಾಕಪ್ಪಾ ಈಗ?"

"ಸೋತ್ರೆ ರಾತ್ರಿಗೆ ಏನಾದ್ರೂ ಬೇಕಲ್ಲ ಮಗಳೇ."

ಅವಳಿಗೆ ಅಳುವೇ ಬಂತು. ನುಂಗಿಕೊಂಡಳು.

ಶೆರಾಲಿ ಒಳಗೆ ಬಂದವನೇ, ಮೂಲೆಯ ಒಲೆಯ ಪಕ್ಕ ತೂಕಡಿಸುತ್ತಿದ್ದ ಬೈಗಾಜಿ ಅಜ್ಜನನ್ನು ಕೈಹಿಡಿದು ಎಬ್ಬಿಸಿ ಮೊದಲ ಸಾಲಿನಲ್ಲಿ, ತನ್ನೆದುರಿಗೇ ಕೂರಿಸಿದ. ಊರಿಗೇ ಹಿರಿಯ ಅಜ್ಜ ಬಾತಾ ನುಡಿದು ಹರಸದೆ ಅಲ್ಲಿ ಯಾವ ಸಭೆಯೂ ಮುಗಿಯುತ್ತಿರಲಿಲ್ಲ. ಅವನಿಗೆ ಕಿವಿ ಪೂರ್ತಿ ಮಂದ. ಅಧ್ಯಕ್ಷ ಎರಡೂ ಅಂಗೈ ಬಿಡಿಸಿ ಸನ್ನೆ ಮಾಡಿದಾಗ ಶುರುಮಾಡುವುದು ರೂಢಿ. ಮೀರಿಮ್‌ಗೆ ಅವನ ಲೆಕ್ಕ ಹೊಳೆಯಿತು. ಸೋಲಿನ ಮೇಲೆ ಅಜ್ಜನ ಬಾತಾ ಬಿದ್ದರೆ, ಆಮೇಲೆ ಊರಲ್ಲಿ ಯಾರೂ ಆ ವಿಷಯ ಎತ್ತುವಂತಿಲ್ಲ.

"ಈ ಹಬೆಯವರನ್ನ ನೋಡಿದ್ರೆ ನಂಗೆ ಸಮೋವಾರ್ ನೆನಪಾಗುತ್ತೆ," ಎಂದು ಶೆರಾಲಿ ಶುರುಮಾಡಿದ. "ಸಮೋವಾರ್ ಆದ್ರೂ ಚಹಾ ಕೊಡುತ್ತೆ!"

ಸಭೆ ಗೊಳ್ಳೆಂದಿತು. ಇಶೆನ್ ಕೂತಲ್ಲಿಂದಲೇ ಕೂಗಿದ: "ಸಮೋವಾರ್ ಕೆಮ್ಮಲ್ಲ ಶೆರಾಲಿ. ಈಗ ನಾನೂ ಕೆಮ್ಮಲ್ಲ."

ಶೆರಾಲಿ ಕೇಳಿಸದವನಂತೆ ಬಿಷ್ಕೆಕ್‌ನಿಂದ ಬಂದಿದ್ದ ವೀಕ್ಷಕಿ ತಾಜಿಗುಲ್ ಕಡೆ ತಿರುಗಿದ. ನಗುವುದಕ್ಕೂ ಮೇಲಿನವರ ಅಪ್ಪಣೆ ಬೇಕೆಂಬಂಥ ಹೆಂಗಸು ಅವಳು.

"ಬರ್ಕೊಳ್ಳಿ ಮೇಡಂ. ಎತ್ತಿದ ಕೈ ಎತ್ತಿದ್ದೇ. ತಲೆ ಕೆರ್ಕೋತಿದ್ದೆ, ನೊಣ ಓಡಿಸ್ತಿದ್ದೆ ಅಂತ ಆಮೇಲೆ ಯಾರೂ ರಾಗ ಎಳೆಯೋ ಹಾಗಿಲ್ಲ. ಒಬ್ಬರಿಗೆ ಒಂದೇ ಸಲ. ಮೊದಲು ವಿರೋಧ ಇರೋರು ಎತ್ತಲಿ. ಯಾರ್ಯಾರು ಅಂತ ಊರೇ ನೋಡ್ಲಿ!"

ಟಿವಿಯವರ ಕ್ಯಾಮೆರಾ ಮೀರಿಮ್ ಕಡೆ ತಿರುಗಿತು. ಅವಳು ಕೈ ಎತ್ತಿದಳು. ಅಪ್ಪ ಎತ್ತಿದ, ಮೇಷ್ಟ್ರು ಎತ್ತಿದರು. ಟ್ಯಾಕ್ಸಿಯವನ ಕೈ ಭುಜದವರೆಗೆ ಬಂದು ಅಲ್ಲೇ ನಿಂತಿತು.

"ಇಷ್ಟೇನಾ? ನಾಚಿಕೆ ಯಾಕೆ? ಕಟ್ಟಳೆ ಬೇಡ ಅನ್ನೋರು ಹೀಗೆ ಎತ್ರಪ್ಪಾ!" ಎಂದು ಅಣಕಿಸುತ್ತ ಶೆರಾಲಿ ತಾನೇ ಬಲಗೈ ಎತ್ತಿ ತೋರಿಸಿದ. ಹಿಂದೆಯೇ ಎಡಗೈಯೂ ಎದ್ದಿತು. ಅಂಗೈಗಳೆರಡೂ ಆಕಾಶಕ್ಕೆ ಬಿಚ್ಚಿಕೊಂಡವು.

ಬೈಗಾಜಿ ಅಜ್ಜ ತಡಮಾಡಲಿಲ್ಲ. ತನ್ನ ಅಂಗೈಗಳನ್ನೂ ಬಿಡಿಸಿ, ನಡುಗುವ ದೊಡ್ಡ ದನಿಯಲ್ಲಿ ಬಾತಾ ಆರಂಭಿಸಿಯೇಬಿಟ್ಟ. "ನಿಮ್ಮ ಮನೆಯ ರೊಟ್ಟಿ ತೀರದಿರಲಿ! ನಿಮ್ಮ ಕುದುರೆಗಳು ಮುಗ್ಗರಿಸದಿರಲಿ!"

ಹಿರಿಯರು ಹರಸುವಾಗ ಕೈ ಮಡಿಲಲ್ಲಿಟ್ಟು ಕೂತವರನ್ನು ಆ ನಾಡಿನಲ್ಲಿ ಮನುಷ್ಯರೆನ್ನುವುದಿಲ್ಲ. ಇಮಾಮರ ಕೈ ಮೇಲೆದ್ದಿತು. ಶಾಲೆಯ ಮುಖ್ಯೋಪಾಧ್ಯಾಯಿನಿಯ ಕೈ, ಪೊಲೀಸಿನವನ ಕೈ, ಸಾಲು ಸಾಲಾಗಿ ಇಡೀ ಸಭೆಯ ಕೈ ಮೇಲೆದ್ದಿತು. ತಾಜಿಗುಲ್ ಪೆನ್ನನ್ನು ಹಲ್ಲಿಗೆ ಕಚ್ಚಿಕೊಂಡು ಎರಡೂ ಕೈ ಎತ್ತಿದಳು. ಕ್ಯಾಮೆರಾದವನು ಕ್ಯಾಮೆರಾವನ್ನು ಅದರ ಪಾಡಿಗೆ ಓಡಲು ಬಿಟ್ಟು ತಾನೂ ಎತ್ತಿದ.

"ಓಮಿನ್!" ಎಂದು ಎಲ್ಲರೂ ಒಟ್ಟಿಗೆ ಮುಖ ಸವರಿಕೊಂಡರು.

ಮೊದಲು ನಕ್ಕವನು ಇಶೆನ್.

"ಇದು... ಇದು ಲೆಕ್ಕಕ್ಕಿಲ್ಲ!" ಶೆರಾಲಿ ಮೇಜು ಗುದ್ದಿದ.

"ಎತ್ತಿದ ಕೈ ಎತ್ತಿದ್ದೇ ಅಂದೋರು ಯಾರು ಸ್ವಾಮಿ?" ಎಂದರು ಮೇಷ್ಟ್ರು.

"ಬಾತಾ ಬಿದ್ದಾಯ್ತಲ್ಲ," ಎಂದು ಇಮಾಮರು ಗಡ್ಡ ನೀವಿಕೊಂಡರು. "ವಾಪಸ್ ಕೊಡೋಕೆ ಅದೇನು ಅಂಗಡಿ ಸಾಮಾನಾ?"

ತಾಜಿಗುಲ್ ತಾನು ಬರೆದುಕೊಂಡ ನಿಯಮವನ್ನು ಮತ್ತೆ ಮತ್ತೆ ಓದಿದಳು. ಎಲ್ಲಿಯೂ ಸಂದು ಸಿಗಲಿಲ್ಲ. ಕೊನೆಗೆ ಮುಖ ಹುಳ್ಳಗೆ ಮಾಡಿಕೊಂಡು ಬರೆದಳು: ಕಟ್ಟಳೆಗೆ ಸಭೆಯ ಸರ್ವಾನುಮತದ ವಿರೋಧ. ಅಧ್ಯಕ್ಷ ದಡ್ಡನೆಂದೂ ವರದಿಯಲ್ಲಿ ಸೇರಿಸುತ್ತೇನೆಂದು ಎಲ್ಲರೆದುರೇ ಹೇಳಿ ಕಾರು ಹತ್ತಿದಳು. ಶೆರಾಲಿ ಮೀರಿಮ್ ಕಡೆ ಬೆರಳು ತೋರಿಸಿ, "ನಿನ್ನನ್ನ ನೋಡ್ಕೋತೀನಿ!" ಎಂದು ಗುಡುಗಿ ಹಿಂಬಾಗಿಲಿನಿಂದ ಹೊರಟುಹೋದ.

ಇಶೆನ್ ಜೇಬಿನ ಪ್ಯಾಕನ್ನು ಹಾಗೇ ಒಲೆಗೆ ಎಸೆದ. ಮಗಳು ಈ ಸಲ ಅಳುವನ್ನು ನುಂಗಿಕೊಳ್ಳಲಿಲ್ಲ.

ಸಭೆ ಚೆದುರುವ ಹೊತ್ತಿಗೆ ಅಧ್ಯಕ್ಷನಿಗೆ 'ಎರಡು ಕೈ ಶೆರಾಲಿ' ಎಂಬ ಹೆಸರು ಬಿದ್ದಾಗಿತ್ತು. ಸಾಯುವವರೆಗೂ ಅದು ಅವನ ಬೆನ್ನು ಬಿಡದು. ಮೀರಿಮ್‌ಗೆ ಯಾಕೋ ಪಾಪ ಅನ್ನಿಸಿತು. ಎಷ್ಟಾದರೂ ಒಂದೇ ಊರಿನವರು. ಬೈಸಿಕೊಂಡರೆ ಬೈಸಿಕೊಂಡೆ ಎಂದು ಒಂದು ಬಟ್ಟಲು ಚಹಾ ಹಿಡಿದು ಹಿಂಬಾಗಿಲಿಗೆ ಹೋದಳು.

"ಶೆರಾಲಿ ಅಣ್ಣಾ, ಚಹಾ..."

ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ ಶೆರಾಲಿ ತಿರುಗಿ ನೋಡಿದ. ಅವನ ಮೂಗಿನಿಂದ ಕರಬೂಜದ ಪರಿಮಳದ ಬಿಳಿ ಹಬೆ ನಿಧಾನವಾಗಿ ಹೊರಬರುತ್ತಿತ್ತು.

"ಕನ್ನಡಿ ಮುಂದೆ ಅಷ್ಟೊಂದು ಅಭ್ಯಾಸ ಮಾಡಿದ್ರೂ," ಎಂದ ಅವನು ಬಟ್ಟಲಿಗೆ ಕೈಚಾಚುತ್ತ, "ಎಡಗೈ ಒಂಚೂರು ತಡವಾಯ್ತು, ಅಲ್ವಾ ತಂಗೀ?"