ಪಡುವಣಕ್ಕೆ ಹೊರಟ ಹುಳ

ಕಲ್ಲಿನ ಪದರ ಬಿಡಿಸಿ, ಒಳಗಿರುವ ಹಳೆಯ ಸಮುದ್ರದ ಹುಳಕ್ಕೆ ಒಂದು ಚಮಚ ಉಪ್ಪುನೀರು ಬಿಟ್ಟರೆ ಅದು ಎದ್ದು ನಾಲ್ಕು ಹೆಜ್ಜೆ ನಡೆದು ಮತ್ತೆ ಕಲ್ಲಾಗುತ್ತದೆ. ಇನ್ನೊಮ್ಮೆ ಏಳುವುದಿಲ್ಲ. ಆ ನಡಿಗೆಯಿಂದಲೇ ಅದು ಯಾವ ಹುಳವೆಂದು ಹೇಳಬೇಕು. ಕಣ್ಣಿಗೆ ಪೊರೆ ಬಂದ ಮೇಲೆಯೇ ಈ ಕೆಲಸಕ್ಕೆ ಸೇರಿದ ಯಮನವ್ವ ಅದನ್ನು ಅಂಗೈ ಮೇಲೆ ಬಿಟ್ಟುಕೊಂಡು, ಕಾಲುಗಳ ಕಚಗುಳಿಯಲ್ಲೇ ಹೆಸರು ಹೇಳುತ್ತಿದ್ದಳು. ಪಕ್ಕದಲ್ಲಿ ಕೂತು ಬರೆದುಕೊಳ್ಳುವ ಮೆಹಬೂಬಿ ಹೋದ ತಿಂಗಳು ಹಟ ಹಿಡಿದು ಅವಳಿಗೆ ಆಪರೇಶನ್ ಮಾಡಿಸಿದ್ದಳು.

ಇವತ್ತು ಪಟ್ಟಿ ಬಿಚ್ಚಿದ ಮೇಲಿನ ಮೊದಲ ಕಲ್ಲು. ಉಪ್ಪುನೀರು ಬಿದ್ದದ್ದೇ ಹುಳ ಮೀಸೆ ಕೊಡವಿ ಎದ್ದಿತು.

"ಯಾವ ಹುಳ ಬರೀಲಿ, ಯಮನಕ್ಕ?"

"ತಡಿ ತಂಗಿ, ನೋಡ್ತೀನಿ. ಆರು ವರ್ಷ ಬರೇ ಮುಟ್ಟೀನಿ. ಇಷ್ಟ್ ಚೆಂದ ಇರತಾವಂತ ಗೊತ್ತಿರಲಿಲ್ಲ. ನಿನ್ನಿಂದ ನೋಡಿದೆ."

ಎದ್ದ ಹುಳಗಳೆಲ್ಲ ಸಮುದ್ರವಿರುವ ಪಡುವಣಕ್ಕೇ ಹೊರಡುತ್ತವೆ. ಇದೂ ಎರಡು ಹೆಜ್ಜೆ ಆ ಕಡೆ ಇಟ್ಟು, ನಿಂತು, ಯಮನವ್ವನ ಕಡೆಗೆ ಹೊರಳಿತು.

ಮೆಹಬೂಬಿ ಪೆನ್ನು ಕೆಳಗಿಟ್ಟಳು.

"ಕಣ್ಣ ಒರಸ್ಕೋ ಅಕ್ಕಾ. ಸಮುದ್ರ ಇಲ್ಲೇ ಐತಿ ಅಂತ ತಿಳ್ಕೊಂಡೈತಿ ಅದು."