ಟಗರಿನ ಕಿವಿಯ ನಂಬರು

ಸೌಭಾಗ್ಯ ಟಗರಿನ ಕಿವಿಯ ಬಿಲ್ಲೆಗೆ ಸ್ಕ್ಯಾನರ್ ಹಿಡಿದಾಗ ಅಂಕಿಗಳ ನಡುವೆ ಇಂಗ್ಲಿಷ್ ಅಕ್ಷರಗಳೂ ಬೆರೆತ ನಂಬರು ಮೂಡಿತು. ಅವಳು ಕೆಲಸ ಮಾಡುವ ಪಶು ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಮಾಲೀಕರ ಹೆಸರಿನ ಮುಂದಿದ್ದ ನಂಬರುಗಳಲ್ಲಿ ಬರೀ ಅಂಕಿಗಳಿದ್ದವು. ಹಂಪಸಾಗರದ ಹೊಳೆದಂಡೆಯಲ್ಲಿ ಎರಡು ಹಿಂಡು ಬೆರೆತು, ಒಂದೇ ತರದ ಎರಡು ಟಗರುಗಳಲ್ಲಿ ಒಂದು ಕಾಣೆಯಾಗಿತ್ತು. ಉಳಿದ ಈ ಟಗರನ್ನು ಇಬ್ಬರೂ ತಮ್ಮದೆನ್ನುತ್ತಿದ್ದರು. ಒಬ್ಬ ಯರ್ರೆಪ್ಪ, ಇನ್ನೊಬ್ಬಳು ಸೌಭಾಗ್ಯಳ ಸೋದರತ್ತೆ ದ್ಯಾಮಕ್ಕ.

“ನಂಬರ್ ಹೊಂದಂಗಿಲ್ಲಲ್ಲ, ನಂದ ಅಂತ ಹೇಳಿಬಿಡವ್ವ. ನೀ ನಮ್ಮನಿ ಮಗಳು,” ಎಂದು ದ್ಯಾಮಕ್ಕ ಮೆಲ್ಲಗೆ ಹೇಳಿದಳು.

“ಒಂದ ನಂಬರ್ನ ಎರಡು ಲೆಕ್ಕದಾಗ ಬರದಾರ, ತಡಿ ಅತ್ತಿ,” ಎಂದ ಸೌಭಾಗ್ಯ ಕಪ್ಪು ಪರದೆ ತೆರೆದು, ಒಂಬತ್ತರ ನಂತರ ಅಕ್ಷರಗಳನ್ನು ಬಳಸುವ ಹದಿನಾರರ ಎಣಿಕೆಯ ನಂಬರನ್ನು ಬರೀ ಅಂಕಿಗಳ ಹತ್ತರ ಎಣಿಕೆಗೆ ತರುವ ಒಂದು ಸಾಲಿನ ಕಮಾಂಡ್ ಟೈಪ್ ಮಾಡಿದಳು. ಎಂಟರ್ ಒತ್ತಿದೊಡನೆ ಬರೀ ಅಂಕಿಗಳ ನಂಬರು ಬಂತು. ಅದು ಯಾರ ಹೆಸರಿನ ಮುಂದಿದೆಯೆಂದು ನೋಡಿದಳು, ಮತ್ತೊಮ್ಮೆ ನೋಡಿದಳು. ಅತ್ತೆಗೆ ಓದು ಬರುತ್ತಿರಲಿಲ್ಲ. ಯರ್ರೆಪ್ಪ ದೂರ ಬಾಗಿಲಲ್ಲಿ ನಿಂತಿದ್ದ. ಅವಳು ಏನು ಹೇಳಿದ್ದರೂ ನಡೆಯುತ್ತಿತ್ತು.

“ಇದು ಯರ್ರೆಪ್ಪಣ್ಣಂದು,” ಎಂದಳು.

ಯರ್ರೆಪ್ಪ ಟಗರನ್ನು ಹೊಡೆದುಕೊಂಡು ಹೋದ. ದ್ಯಾಮಕ್ಕ ಸೋದರಸೊಸೆಯ ಕುರ್ಚಿಯ ಹತ್ತಿರ ಬಂದಳು.

“ನನ್ನ ಟಗರಿನ ನಂಬರ್ ಯಾವ್ದೈತಿ, ಎರಡೂ ಲೆಕ್ಕದಾಗ ಬರಕೊಡು. ಯಾರ ಹಿಂಡಿನಾಗ ಸಿಕ್ಕರೂ ಅದನ್ನ ತೋರಿಸ್ತೀನಿ,” ಎಂದಳು.