ಕಣ್ಣಿನಿಂದ ಹೊರಡುವುದು

ಏನೂ ಆಗುವುದಿಲ್ಲ. ಆದರೂ ಆಗಿಬಿಟ್ಟರೆ? ಮೂರು ತಿಂಗಳ ಮಗಳನ್ನು ಎತ್ತಿಕೊಂಡ ಶಿವರಾಜು ಹೊಸ್ತಿಲಲ್ಲೇ ನಿಂತ. ನೋಡುವಾಗ ಕಣ್ಣಿನಿಂದಲೇ ಕಿರಣ ಹೊರಡುತ್ತದೆಂದು ಹಿಂದೆ ಪಂಡಿತರೂ ನಂಬಿದ್ದರು, ಅದು ತಪ್ಪು, ಕಣ್ಣಿನಿಂದ ಏನೂ ಹೊರಡುವುದಿಲ್ಲ ಎಂದು ಅವನು ಅಂದೇ ಮದ್ದೂರಿನ ಶಾಲೆಯಲ್ಲಿ ಪಾಠ ಮಾಡಿ ಬಂದಿದ್ದ.

ಕೂಸು ನೋಡಲೆಂದು ಬೆಸಗರಹಳ್ಳಿಯಿಂದ ಬಂದ ಚಿಕ್ಕಮ್ಮ ಸಣ್ಣತಾಯಮ್ಮ ಜಗಲಿಯಲ್ಲಿ ಕುಳಿತಿದ್ದಳು. ಮಕ್ಕಳಿಲ್ಲದ ಅವಳೇ ಅವನನ್ನು ಎತ್ತಿ ಆಡಿಸಿದವಳು.

“ಕೂಸಿನ ಮುಖ ಮುಚ್ಲಾ, ಬಂಜೆ ಕಣ್ಣು ಬಿದ್ದಾತು,” ಎಂದು ಅವ್ವ ಒಳಗಿನಿಂದ ಕೂಗಿದಳು.

“ಬುಡಕ್ಕ, ನಾನೇ ಮುಚ್ಕೋತೀನಿ, ಮಗೀಗ್ಯಾಕೆ ಸೆಕೆ?” ಚಿಕ್ಕಮ್ಮ ನಗುತ್ತ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡು, ಗಾಳಿಯಲ್ಲಿ ಕೈಯಾಡಿಸಿ ಕೂಸಿನ ಪಾದ ಹುಡುಕಿದಳು. “ಯಾರಂಗವ್ಳೆ ಕಣ್ಲಾ?”

“ನಿನ್ನಂಗೇ ಚಿಕ್ಕವ್ವ,” ಎಂದ ಶಿವರಾಜು. ಸೆರಗು ತೆಗೆದು ನೋಡು ಎಂದು ಮಾತ್ರ ಹೇಳಲಿಲ್ಲ.